ಹೋರಿಯ ಹಣೆಯ ವಿಭೂತಿ

"ಅಲ್ಲೇ ಕುಂದರ್ರಿ" ಎಂದು ಶಂಕರಲಿಂಗ ಪಾಟೀಲ ಹೊಸ್ತಿಲ ಹೊರಗಿದ್ದ ಪ್ಲಾಸ್ಟಿಕ್ ಕುರ್ಚಿ ತೋರಿಸಿದ.

ಸುಮನಬಾಯಿ ಕೂಡಲಿಲ್ಲ. ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ಸವೆದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾಗಿ, ಈಗ ಹುಮನಾಬಾದದ ಬಸ್ ನಿಲ್ದಾಣದ ಎದುರು ಸ್ವಂತ ಪತ್ತೇದಾರಿಕೆಯ ಕೋಣೆ ಇಟ್ಟುಕೊಂಡ ಹೆಂಗಸು ಅವಳು. ಕಳ್ಳರ ಮನೆಯಲ್ಲೂ ಅವಳನ್ನು ಒಳಗೆ ಕರೆದು ಚಹಾ ಕೊಟ್ಟಿದ್ದರು.

"ನಿಂತೇ ನೋಡ್ತೀನ್ರಿ ಪಾಟೀಲರ. ಪುಸ್ತಕ ತರಸ್ರಿ."

"ನೋಡಿ ಏನ್ ಮಾಡ್ತೀರಿ? ಕದ್ದಾಂವ ನಿಮ್ಮ ತಮ್ಮ. ಪೊಲೀಸ್ರು ಹಿಡದಾರ. ಮುಗದ್ಹೋತು."

"ಮುಗದಿದ್ರ ನೀವು ನನಗ ಬಾಗಲಾ ತೆಗೀತಿದ್ದಿಲ್ಲ."

ಹುಮನಾಬಾದದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ತಮ್ಮ ದತ್ತಾತ್ರಿ, ಈ ಮನೆಯ ಹಳೆಯ ಇಂಗ್ಲಿಷ್ ಪುಸ್ತಕದಿಂದ ಲಾಂಛನದ ಚೀಟಿ ಎಗರಿಸಿ ನಕಲಿ ಅಂಟಿಸಿದನೆಂಬ ಆರೋಪದ ಮೇಲೆ ನಿನ್ನೆಯಿಂದ ಲಾಕಪ್ಪಿನಲ್ಲಿದ್ದ. ಇವತ್ತು ನಾಲ್ಕು ಗಂಟೆಗೆ ಅವನನ್ನು ಇದೇ ಊರಿನ, ಬಸವಕಲ್ಯಾಣದ ನ್ಯಾಯಾಲಯದಲ್ಲಿ ನಿಲ್ಲಿಸುವವರಿದ್ದರು. ಈಗ ಎರಡೂವರೆ.

ಶಂಕರಲಿಂಗನ ತಮ್ಮ ಓಂಪ್ರಕಾಶ ಹದಿನೇಳು ಪುಸ್ತಕಗಳನ್ನು ಎರಡು ಸಲ ಹೊತ್ತು ತಂದು ಹೊಸ್ತಿಲ ಬಳಿ ಮಣೆಯ ಮೇಲೆ ಪೇರಿಸಿದ. ನಿಜಾಮರ ಕಾಲದಲ್ಲಿ ಇಲ್ಲಿ ಠಿಕಾಣಿ ಹೂಡಿದ್ದ ಟ್ರೆಲ್‌ಫೋರ್ಡ್ ಎಂಬ ಕ್ಯಾಪ್ಟನ್ ಸಾಹೇಬ ಊರು ಬಿಡುವಾಗ ತನ್ನ ಗುಮಾಸ್ತನಿಗೆ ಕೊಟ್ಟುಹೋದ ಪುಸ್ತಕಗಳು ಇವು. ಆ ಗುಮಾಸ್ತ ಈ ಪಾಟೀಲರ ಮುತ್ತಜ್ಜನ ಅಪ್ಪ.

ಪ್ರತಿ ಪುಸ್ತಕದ ರಟ್ಟಿನ ಒಳಮೈಗೆ ಅಂಗೈಯಗಲದ ಒಂದು ಚೀಟಿ ಅಂಟಿತ್ತು. ಅದರಲ್ಲಿ ಒಂದು ಗುರಾಣಿ, ಗುರಾಣಿಯ ಮೇಲೆ ಮೂರು ಗೋಧಿಯ ಸಿವುಡು, ಎಲ್ಲಕ್ಕೂ ಮೇಲೆ ಒಂದು ಹೋರಿಯ ತಲೆ. ಕೆಳಗೆ ಲ್ಯಾಟಿನ್ನಿನಲ್ಲಿ ಒಂದು ಸಾಲು. ಹಿಡಿದದ್ದನ್ನು ಬಿಡೆ ಎಂದು ಅದರ ಅರ್ಥವಂತೆ. ಇಂಗ್ಲೆಂಡಿನಲ್ಲಿ ಊರಿಗೂರೇ ಭೂಮಿ ಇಟ್ಟುಕೊಂಡಿದ್ದ ದೊಡ್ಡ ಮನೆತನಗಳು ಹೀಗೆ ತಮ್ಮ ಲಾಂಛನವನ್ನು ಅಚ್ಚು ಹಾಕಿಸಿ ಪುಸ್ತಕಗಳಿಗೆ ಅಂಟಿಸಿಕೊಳ್ಳುತ್ತಿದ್ದವು. ನಮ್ಮಲ್ಲಿ ತವರಿನಿಂದ ಬಂದ ಕೊಡದ ಮೇಲೆ ಹೆಸರು ಕೊರೆಸುತ್ತಾರಲ್ಲ, ಹಾಗೆ.

ಹದಿನಾರು ಪುಸ್ತಕಗಳಲ್ಲಿ ಒಂದೇ ನಮೂನೆ. ಹದಿಮೂರನೆಯದರಲ್ಲಿ ಮಾತ್ರ ಗುರಾಣಿಯನ್ನು ನಡುವೆ ಸೀಳಿ ಎರಡು ಭಾಗ ಮಾಡಿತ್ತು. ಎಡಕ್ಕೆ ಗಂಡನ ಮನೆಯ ಗೋಧಿ ಸಿವುಡು. ಬಲಕ್ಕೆ ಹೆಂಡತಿಯ ತವರಿನ ಲಾಂಛನ ಬರಬೇಕು, ಅಲ್ಲಿ ಖಾಲಿ. ಹಾಗೆ ಸೀಳಿದ ಗುರಾಣಿ ಎಂದರೆ ಪುಸ್ತಕದ ಒಡೆಯ ಮದುವೆಯಾದವನು. ಆದರೆ ಟ್ರೆಲ್‌ಫೋರ್ಡ್ ಮನೆತನದ ವಂಶಾವಳಿಯಲ್ಲಿ ಈ ಕ್ಯಾಪ್ಟನ್ ಬ್ರಹ್ಮಚಾರಿಯಾಗಿಯೇ ಸತ್ತ ಎಂದು ಬರೆದಿದೆ. ಲಾಂಛನವಿಲ್ಲದ ಯಾವ ಮನೆಯ ಹೆಣ್ಣನ್ನು ಅವನು ಮದುವೆಯಾಗಿದ್ದ?

ಇಂಗ್ಲೆಂಡಿನಲ್ಲಿ ತನ್ನ ಮನೆತನದ ಇತಿಹಾಸ ಬರೆಯುತ್ತಿದ್ದ ಮುದುಕಿಯೊಬ್ಬಳು ಈ ಚೀಟಿ ಬೇಕೆಂದು ಓಂಪ್ರಕಾಶನಿಗೆ ಪತ್ರ ಬರೆದಿದ್ದಳು. ಅಂದಿನಿಂದ ಅವನ ಕಾಲು ನೆಲಕ್ಕೆ ಊರಿರಲಿಲ್ಲ. ಆ ಖಾಲಿ ಭಾಗ ತಮ್ಮದೇ ಮನೆಯ ಹೆಣ್ಣುಮಗಳದ್ದು ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಅಂಗಳದಲ್ಲಿ ನಿಂತ ಬಿಳಿ ಕಾರಿನ ಹಿಂದಿನ ಗಾಜಿಗೂ ಆ ಹೋರಿತಲೆಯನ್ನೇ ಅಂಟಿಸಿದ್ದ. ದೀಪಾವಳಿ ಮುಗಿದ ಮೇಲೆ ವಿಡಿಯೋ ಕರೆಯಲ್ಲಿ ಪುಸ್ತಕ ತೆರೆದು ತೋರಿಸಿದಾಗ ಮುದುಕಿ ಕನ್ನಡಕ ಏರಿಸಿ, ಇದು ಈಚೆಗೆ ಅಚ್ಚು ಹಾಕಿದ್ದು, ಅಸಲಿ ಎಲ್ಲಿ ಎಂದು ಕೇಳಿದಳಂತೆ.

ಅಸಲಿ ಎಲ್ಲಿ ಎಂದ ಕೂಡಲೇ ಈ ಮನೆಯವರಿಗೆ ನೆನಪಾದದ್ದು ರಟ್ಟು ಕಟ್ಟುವ ದತ್ತಾತ್ರಿ. ಬೇರೆ ಯಾರ ಹೆಸರೂ ಅವರ ಬಾಯಿಗೆ ಬರಲಿಲ್ಲ. ಬೇಸಿಗೆಯಲ್ಲಿ ಆ ಪುಸ್ತಕಕ್ಕೆ ರಟ್ಟು ಕಟ್ಟಿ, ಬಸವ ಜಯಂತಿಗೆ ಎರಡು ದಿನ ಮುಂಚೆ ಇದೇ ಹೊಸ್ತಿಲ ಹೊರಗೆ ನಿಂತು ಒಪ್ಪಿಸಿ ಹೋಗಿದ್ದವನು ಅವನು.

ಒಳಬಾಗಿಲ ಕಂಬದ ಹಿಂದೆ ಒಂದು ತಲೆ ಇಣುಕಿತು. ಎಂಬತ್ತು ದಾಟಿದ ಮುದುಕಿ, ಹಣೆ ತುಂಬ ವಿಭೂತಿ, ಮೈಮೇಲೆ ಕೆಂಪಂಚಿನ ಹಸಿರು ಖಣದ ಕುಪ್ಪಸ. ಪಾಟೀಲ ಸಹೋದರರ ತಾಯಿ ಸೂಗಮ್ಮ.

"ಅದೇ ಮೂಗು, ಅದೇ ಹಣಿ" ಎಂದಳು ಮುದುಕಿ, ಸುಮನಬಾಯಿಯನ್ನೇ ನೋಡುತ್ತ. "ದತ್ತಾತ್ರಿ ಅಕ್ಕ ಅಲ್ಲೇನ ನೀ? ಅವನ ಮಾರಿನೇ ನೋಡಿದಂಗ ಆತವ್ವಾ."

"ಅವ್ವಾ, ಒಳಗ ನಡಿ" ಎಂದು ಶಂಕರಲಿಂಗ ಗದರಿದ. ಮುದುಕಿ ಒಳಗೆ ಹೋಗಲಿಲ್ಲ, ಕಂಬಕ್ಕೆ ಇನ್ನಷ್ಟು ಒತ್ತಿ ನಿಂತಳು.

ಸುಮನಬಾಯಿ ಮಂಡಿಯೂರಿ ಹದಿಮೂರನೆಯ ಪುಸ್ತಕ ತೆರೆದಳು. ಚೀಲದಿಂದ ಭೂತಗನ್ನಡಿ ತೆಗೆದು ಚೀಟಿಯ ಮೇಲೆ ಹಿಡಿದಳು. ನಕಲಿ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಹಳೆಯ ಚೀಟಿಗಳಲ್ಲಿ ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ ಗೆರೆ ಬೆರಳಿಗೆ ಉಬ್ಬಾಗಿ ಸಿಗುತ್ತಿತ್ತು. ಇಲ್ಲಿ ಬರೀ ಕಂಪ್ಯೂಟರಿನ ಚುಕ್ಕೆಗಳು. ಕಾಗದ ಹಳತಾಗಿ ಕಾಣಲೆಂದು ಚಹಾದ ನೀರು ಸವರಿದ್ದರು.

ಚೀಟಿಯ ಅಂಚಿನಲ್ಲಿ ಅಂಟು ಹೊರಗೆ ಒಸರಿ ಒಣಗಿತ್ತು. ಅದಕ್ಕೆ ತುಸು ನೀಲಿ ಹಸಿರು ಬಣ್ಣ.

ಸುಮನಬಾಯಿಗೆ ಅದು ಗೊತ್ತಿದ್ದ ಬಣ್ಣ. ಮೈದಾಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಕಲಸಿದರೆ ಆ ಬಣ್ಣ ಬರುತ್ತದೆ. ಹುಳ ಹಿಡಿಯುವುದಿಲ್ಲವೆಂದು ಅವಳಪ್ಪ ಕಲಿಸಿದ ಉಪಾಯ ಅದು. ಈಗ ಎಲ್ಲರೂ ಡಬ್ಬಿಯ ಗೋಂದು ಹಚ್ಚುವ ಕಾಲದಲ್ಲಿ, ಈ ಸುತ್ತಿನಲ್ಲಿ ಅದನ್ನು ಬಿಡದೆ ಮಾಡುತ್ತಿದ್ದವನು ಒಬ್ಬನೇ.

ನಿನ್ನೆ ಲಾಕಪ್ಪಿನ ಸರಳಿಗೆ ಹಣೆ ಹಚ್ಚಿ ಆ ಒಬ್ಬನೇ ಹೇಳಿದ್ದ: "ಅಕ್ಕಾ, ಬಸವ ಜಯಂತಿ ಆದಮ್ಯಾಲ ನಾ ಆ ಪುಸ್ತಕ ಮುಟ್ಟಿಲ್ಲ. ಇನ್ನ ಕೇಳಬ್ಯಾಡ." ಹೇಳುವಾಗ ನೆಲ ನೋಡುತ್ತಿದ್ದ. ಸಣ್ಣವನಿದ್ದಾಗಲೂ ಸುಳ್ಳು ಹೇಳುವಾಗ ನೆಲವನ್ನೇ ನೋಡುತ್ತಿದ್ದ ಹಲ್ಕಟ್!

ಸಿಟ್ಟು ನೆತ್ತಿಗೇರಿತು. ಆದರೆ ಅದನ್ನು ಈ ಹೊಸ್ತಿಲಲ್ಲಿ ಕಾರುವಷ್ಟು ಹುಚ್ಚಿ ಅವಳಲ್ಲ. ಮೊದಲು ಅವನನ್ನು ಬಿಡಿಸುವುದು, ಆಮೇಲೆ ತನ್ನ ಕೈಯಾರೆ ಕಪಾಳಕ್ಕೆ ಬಾರಿಸುವುದು ಎಂದು ನಿರ್ಧರಿಸಿ, ಅಂಚಿನ ಮೇಲಿನ ಭೂತಗನ್ನಡಿಯನ್ನು ಮೆಲ್ಲಗೆ ಆಚೆ ಸರಿಸಿದಳು.

ಉಳಿದ ಪುಸ್ತಕಗಳನ್ನು ಒಂದೊಂದಾಗಿ ತೆರೆಯುತ್ತ ಹೋದಳು. ಮೊದಲನೆಯದು. ಎರಡನೆಯದು. ಆರನೆಯದಕ್ಕೆ ಬಂದಾಗ ಅವಳ ಕೈ ನಿಂತಿತು. ಮತ್ತೆ ಮೊದಲನೆಯದಕ್ಕೆ ಹೋದಳು.

ಎಲ್ಲ ಹೋರಿಗಳ ಹಣೆಯೂ ಬೂದಿ ಬಣ್ಣಕ್ಕೆ ತಿರುಗಿ, ಅಚ್ಚಿನ ಗೆರೆಯೇ ಮಸುಕಾಗಿತ್ತು. ಬೆರಳಾಡಿಸಿದರೆ ನುಣ್ಣಗೆ ಪುಡಿ ಹತ್ತಿತು.

"ಇದೇನ್ರಿ ಹೋರಿ ಹಣಿಗಿ?"

"ಹೋರಿ ಅಲ್ಲವ್ವಾ, ಬಸವಣ್ಣ" ಎಂದಳು ಸೂಗಮ್ಮ ಕಂಬದ ಹಿಂದಿನಿಂದಲೇ. "ನಮ್ಮ ಅತ್ತಿ ಹಚ್ಚತಿದ್ರು, ಅವರ ಅತ್ತಿನೂ ಹಚ್ಚತಿದ್ರು. ನಾ ಅರವತ್ತ ವರ್ಷ ಹಚ್ಚಾಕತ್ತೇನಿ. ಶ್ರಾವಣದ ಕಡೀ ಸೋಮವಾರ ಹದಿನೇಳೂ ಪುಸ್ತಕ ತೆಗದು, ಇಬತ್ತಿ ನೀರಾಗ ಕಲಸಿ, ಮೂರ ಬೆರಳಿಲೆ."

ಸುಮನಬಾಯಿಗೆ ನಗು ಬರಬೇಕಿತ್ತು. ಇಂಗ್ಲೆಂಡಿನ ಯಾವುದೋ ಜಮೀನುದಾರನ ಮನೆತನದ ಹೋರಿ ಕಲ್ಯಾಣಕ್ಕೆ ಬಂದು ನೂರು ವರ್ಷದಿಂದ ಪೂಜೆ ಮಾಡಿಸಿಕೊಳ್ಳುತ್ತಿತ್ತು. ಆದರೆ ಅವಳ ತಲೆಯೊಳಗೆ ಬೇರೊಂದು ಲೆಕ್ಕ ಓಡತೊಡಗಿತ್ತು.

"ಈ ವರ್ಷನೂ ಹಚ್ಚಿದ್ರಿ ಏನ್ರಿ ಯವ್ವಾ? ಹದಿನೇಳಕ್ಕೂ?"

"ಒಂದಕ್ಕ ಬಿಟ್ರ ಬಸವಣ್ಣ ಸುಮ್ನಿರತಾನೇನ?"

ಸುಮನಬಾಯಿ ಹದಿಮೂರನೆಯ ಪುಸ್ತಕವನ್ನು ಎತ್ತಿ ಶಂಕರಲಿಂಗನ ಮುಖದ ಮುಂದೆ ತೆರೆದು ಹಿಡಿದಳು.

"ನೋಡ್ರಿ ಪಾಟೀಲರ. ಈ ನಕಲಿ ಬಸವಣ್ಣನ ಹಣಿ ತೊಳದಿಟ್ಟ ತಾಟಿನಂಗ ಅದ. ನನ್ನ ತಮ್ಮ ಬಸವ ಜಯಂತಿ ಮುಂಚೆನೇ ಇದನ್ನ ಅಂಟಿಸಿದ್ರ, ಶ್ರಾವಣದಾಗ ನಿಮ್ಮ ಅವ್ವಾರು ಇದಕ್ಕೇ ಇಬತ್ತಿ ಹಚ್ಚತಿದ್ರು. ಹಚ್ಚಿಲ್ಲ. ಯಾಕ? ಶ್ರಾವಣದಾಗ ಅಸಲಿ ಇಲ್ಲೇ ಇತ್ತು. ಅದು ಹೋಗಿದ್ದು ಶ್ರಾವಣ ಆದಮ್ಯಾಲ."

"ಅವ್ವಗ ಅರಳು ಮರಳು" ಎಂದ ಓಂಪ್ರಕಾಶ. "ಒಂದ್ ಪುಸ್ತಕ ಬಿಟ್ಟಿರತಾಳ. ಅದನ್ನ ಹಿಡಕೊಂಡು ಕೋರ್ಟಿನಾಗ ಹೇಳ್ತೀರೇನು?"

"ಅವ್ವಾರ ಮಾತ ಬಿಡ್ರಿ. ಈ ಹಾಳಿ ಏನ್ ಹೇಳ್ತದ ನೋಡ್ರಿ."

ರಟ್ಟು ಕಟ್ಟುವಾಗ ದತ್ತಾತ್ರಿ ಚೀಟಿ ಇದ್ದ ಹಳೆಯ ಒಳಮೈಯನ್ನು ಮುಟ್ಟದೆ, ಅದರ ಎದುರಿಗೆ ಹೊಸ ಬಿಳಿ ಹಾಳೆಯೊಂದನ್ನು ಹೊಲಿದಿದ್ದ. ಆ ಹಾಳೆಗೆ ಇನ್ನೂ ಆರು ತಿಂಗಳ ವಯಸ್ಸು. ಸುಮನಬಾಯಿ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಹಾಳೆಯ ಮೇಲ್ಭಾಗದಲ್ಲಿ, ಪುಸ್ತಕ ಮುಚ್ಚಿದರೆ ಹೋರಿಯ ಹಣೆ ತಾಗುವ ಜಾಗದಲ್ಲೇ, ಮೂರು ಬೂದು ಗೆರೆಗಳು ಅಚ್ಚೊತ್ತಿದ್ದವು. ಹಸಿ ವಿಭೂತಿ ಹಚ್ಚಿ ಪುಸ್ತಕ ಮುಚ್ಚಿದಾಗ ಎದುರು ಹಾಳೆಗೆ ಹತ್ತಿದ ಗುರುತು.

ಸುಮನಬಾಯಿ ಮೊಬೈಲಿನಲ್ಲಿ ಆ ಹಾಳೆಯ ಚಿತ್ರ ತೆಗೆದು, ಠಾಣೆಯ ಎಸ್‌ಐ ಮುಷರಫ್‌ನಿಗೆ ಅಲ್ಲೇ ಕಳಿಸಿದಳು. ಕೆಳಗೆ ಬರೆದಳು: ಶ್ರಾವಣದ ತನಕ ಅಸಲಿ ಮನೆಯಲ್ಲೇ ಇತ್ತು, ಹೋಗಿದ್ದು ಆಮೇಲೆ, ಮನೆಯೊಳಗಿಂದ.

"ಪುಸ್ತಕ ಎಲ್ಲಿ ಇಡ್ತೀರಿ?"

"ದೇವರ ಕೋಣ್ಯಾಗ, ಕಪಾಟಿನಾಗ" ಎಂದ ಶಂಕರಲಿಂಗ. ದನಿ ಈಗ ಮೆತ್ತಗಾಗಿತ್ತು.

"ಬೀಗದ ಕೈ?"

"ಅಲ್ಲೇ ಗೋಡಿ ಮಾಡದಾಗ ಇರ್ತದ. ಮನಿಯವರಿಗಷ್ಟ ಗೊತ್ತು."

"ಮನಿಯವರಿಗಷ್ಟ" ಎಂದು ಸುಮನಬಾಯಿ ಆ ಮಾತನ್ನೇ ಮೆದ್ದಳು. "ನಿಮ್ಮ ತಮ್ಮಗ ಚೀಟಿ ಇಂಗ್ಲೆಂಡಿಗಿ ಕಳಸೋ ಅವಸರ. ನಮ್ಮ ಮನಿ ಹೆಣ್ಮಗಳು ಬಿಳೀ ಸಾಹೇಬನ ಹಿಂದ ಹೋಗಿದ್ಲು ಅಂತ ಊರಿಗಿ ತಿಳೀಬಾರದು, ಅದು ಸುಟ್ಟು ಬೂದಿ ಆಗಲಿ ಅಂತ ನೀವು ಪಂಚರ ಮುಂದ ಅಂದಿದ್ದು ಇಡೀ ಓಣಿಗಿ ಗೊತ್ತದ. ಒಬ್ಬರಿಗೆ ಕಳಸೋ ಆಸಿ, ಒಬ್ಬರಿಗೆ ಸುಡೋ ಆಸಿ. ಇಬ್ಬರೂ ಮನಿ ಒಳಗಿನವ್ರೇ. ಜೈಲಿಗಿ ಮಾತ್ರ ಹೊರಗಿನಾಂವ!"

"ಜರಾ ನಾಲಿಗಿ ಹಿಡದು ಮಾತಾಡ್ರಿ!"

"ನಾ ಯಾಕ ಹಿಡೀಲಿ? ಹಿಡದಿದ್ದು ಬಿಡಲ್ಲ ಅಂತ ಬರಕೊಂಡವ್ರು ಅವರು, ಅದನ್ನ ಕಾರಿಗಿ ಹಚ್ಚಕೊಂಡವ್ರು ನೀವು." ಈಗ ಅವಳ ದನಿ ಅಂಗಳ ದಾಟಿ ಬೀದಿಗೆ ಕೇಳುವಂತಿತ್ತು. "ಏಳು ಸಮುದ್ರದ ಆಚೆ ಇರೋ ಮಂದಿ, ಅವರ ಹೆಸರೂ ನಿಮ್ಮ ಬಾಯಾಗ ನೆಟ್ಟಗ ಹೊಳ್ಳಲ್ಲ, ಅವರ ಜೋಡಿ ಬೀಗತನ ಬೇಕು ನಿಮಗ. ಇಪ್ಪತ್ತ ವರ್ಷ ನಿಮ್ಮ ಪುಸ್ತಕ ಹೊಲದು, ಪುರಾಣದ ಕಟ್ಟು ಕಟ್ಟಿಕೊಟ್ಟ ಮನುಷ್ಯ ಮಾತ್ರ ಹೊಸ್ತಿಲ ಹೊರಗ! ಒಂದ್ ಚೀಟಿ ಕಾಣಲಿಲ್ಲ ಅಂದ್ರ ಅವನೇ ಕಳ್ಳ! ಅದೂ ಯಾವ ಊರಾಗ್ರಿ? ಬಸವಣ್ಣನ ಊರಾಗ! ನಾಚಿಕಿ ಬರಲ್ಲೇನ್ರಿ?"

ಶಂಕರಲಿಂಗನ ಕುತ್ತಿಗೆಯ ನರ ಉಬ್ಬಿತು. ಆದರೆ ಅವನು ತಿರುಗಿದ್ದು ಸುಮನಬಾಯಿಯ ಕಡೆಗಲ್ಲ, ತಮ್ಮನ ಕಡೆಗೆ.

"ನೀ ತೆಗದಿ ಏನಲೇ?"

"ನಾ ಯಾಕ ತೆಗೀಲಿ? ನನಗ ಅದು ಅಸಲೀನೇ ಬೇಕಿತ್ತು! ಸುಡತೀನಿ ಅಂದಾಂವ ನೀ!"

"ಥೂ ನಿನ್ನ! ಅಣ್ಣನ ಮ್ಯಾಲೇ ಶಕ್ ಮಾಡ್ತೀ?"

ಇಬ್ಬರೂ ಎದೆಗೆ ಎದೆ ತಾಗಿಸಿ ನಿಂತರು. ಸುಮನಬಾಯಿಗೆ ಹಿಗ್ಗೋ ಹಿಗ್ಗು. ಗಂಟೆ ಮೂರೂ ಹತ್ತು. ಕೋರ್ಟಿಗೆ ಹತ್ತು ನಿಮಿಷದ ದಾರಿ. ನೀಲಿ ಹಸಿರು ಅಂಟಿನ ವಿಚಾರ ತಮ್ಮನೊಂದಿಗೆ ಮನೆಯಲ್ಲಿ ಇತ್ಯರ್ಥ ಮಾಡಿಕೊಂಡರಾಯಿತು.

ಆಗ ಮೊಬೈಲ್ ರಿಂಗಾಯಿತು. ಮುಷರಫ್. ಒಂದು ಕಾಲಕ್ಕೆ ಅವಳ ಕೈಕೆಳಗೆ ಕಾನ್‌ಸ್ಟೇಬಲ್ ಆಗಿ ಕೆಲಸ ಕಲಿತು ಪರೀಕ್ಷೆ ಬರೆದು ಮೇಲೆ ಬಂದವನು. ಪಾಟೀಲ ಸಹೋದರರಿಗೂ ಕೇಳಲಿ ಎಂದು ಅವಳು ಬೇಕೆಂದೇ ಸ್ಪೀಕರ್ ಹಾಕಿದಳು.

"ಚಿತ್ರ ಬಂತೇನಪ್ಪ?"

"ಬಂತ್ರಿ ಮೇಡಮ್. ನೋಡಿದೆ. ಪಕ್ಕಾ ಅದ" ಎಂದ ಅವನು. ಆದರೆ ದನಿ ತಗ್ಗಿತ್ತು. "ಮೇಡಮ್, ನಾ ಹುಮನಾಬಾದದಾಗ ಇದ್ದೀನಿ. ನಿಮ್ಮ ತಮ್ಮನ ಅಂಗಡಿ ತಪಾಸ್ ಮಾಡಾಕತ್ತಿದ್ದೆ. ಅಸಲಿ ಚೀಟಿ ಸಿಕ್ಕದ."

"ಎಲ್ಲಿ?" ಎಂದಳು ಸುಮನಬಾಯಿ.

"ರಟ್ಟು ಒತ್ತೋ ಎರಡು ಹಲಗಿ ನಡುವ ಇಟ್ಟಿದ್ದ. ಹಣಿಗಿ ಇಬತ್ತಿ ಅದ. ಸೀಳಿದ ಗುರಾಣಿ, ಬಲಗಡೆ ಖಾಲಿ. ಅದೇರಿ."

ಶಂಕರಲಿಂಗ ತಮ್ಮನಿಂದ ದೂರ ಸರಿದ. ಅವನ ಮುಖದ ಮೇಲೆ ನಿಧಾನವಾಗಿ ನಗು ಹರಡಿತು.

"ಈಗ ಏನಂದ್ರಿ ನೀವು? ಶ್ರಾವಣ ಆದಮ್ಯಾಲ ಮನಿಯೊಳಗಿಂದ ಹೋಗೇದ ಅಂದ್ರಿ. ನೀವೇ ಚಿತ್ರಾ ಕಳಸಿ, ನೀವೇ ಬರದು ಕೊಟ್ರಿ. ಅಂದ್ರ ನಿಮ್ಮ ತಮ್ಮ ನಮಗ ಗೊತ್ತಿಲ್ಲದಂಗ ಮನಿ ಹೊಕ್ಕು, ದೇವರ ಕೋಣಿ ಹೊಕ್ಕು ಕದ್ದಾನ. ನಾವು ಬರೀ ರಟ್ಟು ಕಟ್ಟಾಕ ಕೊಟ್ಟಾಗ ಹೊಡಕೊಂಡ ಅಂದಿದ್ವಿ. ನೀವು ಮನಿ ಹೊಕ್ಕ ಕಳ್ಳತನ ಮಾಡಿ ಕೊಟ್ರಿ. ಭಾಳ ಉಪಕಾರ ಆತು."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೆಸರಿನಲ್ಲಿದ್ದ ತಮ್ಮನನ್ನು ಎತ್ತಲು ಹೋಗಿ, ಅವನ ತಲೆಯ ಮೇಲೆ ತಾನೇ ಕಲ್ಲು ಹೇರಿದ್ದಳು. ಅಂಟಿನ ಬಣ್ಣ ಕಂಡಾಗಲೇ ನಿಂತು ಯೋಚಿಸಬೇಕಿತ್ತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟವಳು ತಾನು. ಅವಳಿಗೆ ತನ್ನ ಮೇಲೇ ಅಸಹ್ಯ ಬಂತು.

"ಮೇಡಮ್, ಇನ್ನೊಂದು" ಎಂದ ಮುಷರಫ್. "ಚೀಟಿ ಬಟ್ಟ್ಯಾಗ ಸುತ್ತಿತ್ತು. ಕುಪ್ಪಸದ ಖಣ. ಹಸರ, ಕೆಂಪ ಅಂಚು. ಒಳಗ ಒಂದು ಇಬತ್ತಿ ಉಂಡಿ. ನಿಮ್ಮ ಮನ್ಯಾಗ ಇಬತ್ತಿ ಯಾರ್ ಹಚ್ಚತೀರಿ ಅಂತ ನನಗ ತಿಳೀವಲ್ದು."

ಯಾರೂ ಹಚ್ಚುವುದಿಲ್ಲ. ಅವರ ಮನೆಯಲ್ಲಿ ಬುದ್ಧನ ಮುಂದೆ ಮೇಣದಬತ್ತಿ ಹಚ್ಚುತ್ತಾರೆ, ಅಷ್ಟೇ.

ಸುಮನಬಾಯಿ ತಲೆ ಎತ್ತಿದಳು. ಕಂಬದ ಹಿಂದೆ ಹಸಿರು ಖಣದ ಕುಪ್ಪಸ, ಕೆಂಪಂಚು. ಮುದುಕಿ ಸೆರಗನ್ನು ಎಳೆದು ತೋಳು ಮುಚ್ಚಿಕೊಳ್ಳುತ್ತಿದ್ದಳು.

ಎಲ್ಲವೂ ಒಂದೇ ಸಲಕ್ಕೆ ಬಿಡಿಸಿಕೊಂಡಿತು. ಒಬ್ಬ ಮಗ ಬಸವಣ್ಣನನ್ನು ಇಂಗ್ಲೆಂಡಿಗೆ ಕಳಿಸುತ್ತೇನೆ ಎನ್ನುತ್ತಿದ್ದ, ಇನ್ನೊಬ್ಬ ಸುಡುತ್ತೇನೆ ಎನ್ನುತ್ತಿದ್ದ. ಅರವತ್ತು ವರ್ಷ ಹಣೆಗೆ ವಿಭೂತಿ ಹಚ್ಚಿದವಳು ಮಕ್ಕಳಿಲ್ಲದ ಹೊತ್ತು ನೋಡಿ ದತ್ತಾತ್ರಿಯನ್ನು ಕರೆಸಿದ್ದಳು. ಯಾರೂ ಒಳಗೆ ಬಿಡದವನನ್ನು ದೇವರ ಕೋಣೆಯವರೆಗೂ ಕರೆದುಕೊಂಡು ಹೋಗಿ, ನಕಲಿ ಅಂಟಿಸಲು ಹೇಳಿ, ಅಸಲಿಯನ್ನು ಕಾಪಾಡೆಂದು ಕೈಗಿಟ್ಟಿದ್ದಳು. ಯಾರಿಗೂ ಹೇಳಬೇಡ ಎಂದಿರಬೇಕು. ಆ ಮಾತಿಗೆ ಕಟ್ಟುಬಿದ್ದು ಅವನು ಲಾಕಪ್ಪಿನಲ್ಲಿ ನೆಲ ನೋಡುತ್ತ ಕುಳಿತಿದ್ದ.

ಸುಮನಬಾಯಿ ಚಪ್ಪಲಿ ಬಿಟ್ಟಳು. ಹೊಸ್ತಿಲು ದಾಟಿದಳು. "ಏಯ್!" ಎಂದ ಶಂಕರಲಿಂಗನನ್ನು ತಿರುಗಿಯೂ ನೋಡದೆ ನೇರ ಕಂಬದ ಬಳಿ ಹೋಗಿ ಮುದುಕಿಯ ಎರಡೂ ಕೈ ಹಿಡಿದುಕೊಂಡಳು. ಬಲಗೈಯ ಮೂರು ಬೆರಳುಗಳ ಸಂದಿಯಲ್ಲಿ ಬೂದಿ ಇನ್ನೂ ಇತ್ತು.

"ಯವ್ವಾ, ಒಂದೇ ಮಾತ್ರಿ. ನಾನೇ ಕರಸಿದ್ದೆ, ನಾನೇ ಕೊಟ್ಟೀನಿ ಅಂತ ಹೇಳ್ರಿ. ಫೋನಿನಾಗ ಸಾಹೇಬ್ರು ಕೇಳಾಕತ್ಯಾರ. ನನ್ನ ತಮ್ಮ ಇವತ್ತು ಮನಿಗಿ ಬರ್ತಾನ."

ಸೂಗಮ್ಮನ ಬಾಯಿ ತೆರೆಯಿತು. ಅವಳ ಕಣ್ಣು ಸುಮನಬಾಯಿಯ ಹೆಗಲ ಮೇಲಿಂದ ಹಾದು ಹಿರಿಯ ಮಗನ ಮುಖದ ಮೇಲೆ ನಿಂತಿತು. ಅವನು ದೇವರ ಕೋಣೆಯ ಬಾಗಿಲು ನೋಡಿ ಮತ್ತೆ ತಾಯಿಯನ್ನು ನೋಡಿದ.

ಮುದುಕಿ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಯಾವ ದತ್ತಾತ್ರಿಯವ್ವಾ?" ಎಂದಳು. "ನಾ ಅವನ ಮಾರಿನೇ ನೋಡಿಲ್ಲ."

ಸ್ಪೀಕರಿನಲ್ಲಿ ಕಾಗದ ಸರಿಸಿದ ಸದ್ದು ಕೇಳಿತು.

"ಮೇಡಮ್, ಮೂರೂ ಇಪ್ಪತ್ತು ಆತ್ರಿ. ನಾಲ್ಕಕ್ಕ ಅವನ್ನ ಜಡ್ಜ್ ಸಾಹೇಬ್ರ ಮುಂದ ನಿಂದರಸಬೇಕು" ಎಂದ ಮುಷರಫ್. "ಏನಂತ ಬರಕೊಳ್ಳಲಿ?"